ರಹೀಮ್ ಮಾಸ್ತರರು

ಅಕ್ಕಂದಿರೇ, ಹೈದರಾಬಾದು ನಮಗೆ ಹೊಸ ಊರಲ್ಲ. ಕಾಳಗಿ, ಸೇಡಂ ಕಡೆಯ ಎಷ್ಟೋ ಜನ ಅಲ್ಲಿಗೆ ದುಡಿಯಲು ಹೋಗುತ್ತಾರೆ. 1956ರ ತನಕ ನಮ್ಮ ಜಿಲ್ಲೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆ ಊರಿನ ಒಬ್ಬ ಸಾಲಿ ಮಾಸ್ತರರ ಕಥೆಯನ್ನು ಇವತ್ತು ಓದೋಣ.

ಅವರ ಹೆಸರು ಸೈಯದ್ ಅಬ್ದುಲ್ ರಹೀಮ್. ಹುಟ್ಟಿದ್ದು 1909ರಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಓದುವಾಗ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ಆಡಿದರು.

ಫುಟ್‌ಬಾಲ್ ಅಂದರೆ ಕಾಲ್ಚೆಂಡಿನ ಆಟ. ಒಂದು ತಂಡದಲ್ಲಿ 11 ಜನ. ಚೆಂಡನ್ನು ಒದ್ದು ಎದುರಿನವರ ಗೋಲಿನೊಳಗೆ ಹಾಕಬೇಕು. ಗೋಲು ಕಾಯುವವನು ಮಾತ್ರ ಚೆಂಡನ್ನು ಕೈಯಿಂದ ಹಿಡಿಯಬಹುದು.

ಓದು ಮುಗಿಸಿ ರಹೀಮ್ ಸಾಲಿ ಮಾಸ್ತರರಾದರು. 1950ರಿಂದ ಹೈದರಾಬಾದ್ ಪೊಲೀಸ್ ತಂಡಕ್ಕೆ ಆಟ ಕಲಿಸಿದರು. ಆ ತಂಡ ಮುಂಬೈಯ ರೋವರ್ಸ್ ಕಪ್ಪನ್ನು ಸತತ 5 ವರ್ಷ ಗೆದ್ದಿತು. ಭಾರತ ತಂಡಕ್ಕೂ ಅವರೇ ಗುರುಗಳಾದರು.

ಅವರು ಹೇಗೆ ಕಲಿಸುತ್ತಿದ್ದರು? ಬಹಳ ಜನರಿಗೆ ಬಲಗಾಲು ಚುರುಕು. ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಚುರುಕಿಲ್ಲದ ಕಾಲಿನಿಂದಲೇ ಆಡಬೇಕೆಂದು ಮಾಸ್ತರರು ಪಂದ್ಯ ನಡೆಸಿದರು. ಆಡಿ ಆಡಿ ಆ ಕಾಲೂ ಪಳಗಿತು. ಚೆಂಡನ್ನು ಒಬ್ಬರೇ ಇಟ್ಟುಕೊಳ್ಳಬಾರದು, ಜೊತೆಯವರಿಗೆ ಬೇಗ ಕೊಡಬೇಕು ಎಂದೂ ಕಲಿಸಿದರು.

ನಮ್ಮ ಕೇಂದ್ರದಲ್ಲೂ ನಾವು ಇದನ್ನು ಕಂಡಿದ್ದೇವೆ. ರೊಟ್ಟಿ ಬಡಿಯುವ ಕೈ, ತೊಗರಿ ಕೊಯ್ಯುವ ಕೈ ಪೆನ್ಸಿಲ್ ಹಿಡಿದಾಗ ನಡುಗಿತು. "ಈ ವಯಸ್ಸಿನಾಗ ನಮಗೆಲ್ಲಿ ಬರ್ತದ್ರಿ ಟೀಚರ್?" ಅಂದಿರಿ. ದಿನಾ ತಿದ್ದಿದಿರಿ. ಅದೇ ಕೈ ಈಗ ಹೆಸರು ಬರೆಯುತ್ತದೆ. ಹೌದಲ್ರಿ?

ರಹೀಮ್ ಮಾಸ್ತರರ ತಂಡ 1951ರ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆಯಿತು.

1962ರಲ್ಲಿ ಏಷ್ಯಾ ಕ್ರೀಡಾಕೂಟ ಇಂಡೋನೇಷ್ಯಾದ ಜಕಾರ್ತಾದಲ್ಲಿ ನಡೆಯಿತು. ಆಗ ಮಾಸ್ತರರಿಗೆ ಕ್ಯಾನ್ಸರ್ ರೋಗವಿತ್ತು. ಆದರೂ ತಂಡದ ಜೊತೆ ಹೋದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ನಮ್ಮವರನ್ನು ಸೋಲಿಸಿತು. ಮುಂದೆ ಜರ್ನೈಲ್ ಸಿಂಗ್ ಎಂಬ ಆಟಗಾರನ ತಲೆ ಒಡೆಯಿತು. ಹೊಲಿಗೆ ಹಾಕಿದರು. ಹಿಂದೆ ನಿಂತು ಗೋಲು ತಡೆಯುವುದು ಅವನ ಕೆಲಸ. ಮಾಸ್ತರರು ಅವನನ್ನೇ ಮುಂದೆ ನಿಲ್ಲಿಸಿ, ಗೋಲು ಹೊಡೆ ಎಂದರು.

ಸೆಪ್ಟೆಂಬರ್ 4ರಂದು ಕೊನೆಯ ಪಂದ್ಯ. ಎದುರಿಗೆ ಮತ್ತೆ ಅದೇ ಕೊರಿಯಾ. ನೆರೆದ ಜನ ಭಾರತದ ವಿರುದ್ಧ ಕೂಗುತ್ತಿದ್ದರು. ಪಿ. ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು. ಹೊಲಿಗೆ ಹಾಕಿದ್ದ ಜರ್ನೈಲ್ ಇನ್ನೊಂದು ಹೊಡೆದರು. ಭಾರತ 2–1ರಿಂದ ಗೆದ್ದಿತು. ಮತ್ತೆ ಚಿನ್ನ ಬಂತು!

1963ರ ಜೂನ್‌ನಲ್ಲಿ ಮಾಸ್ತರರು ತೀರಿಕೊಂಡರು. ಅವರ ಬದುಕಿನ ಮೇಲೆ 2024ರಲ್ಲಿ 'ಮೈದಾನ್' ಎಂಬ ಹಿಂದಿ ಸಿನಿಮಾ ಬಂತು.

ಬಾರದ ಕಾಲು ಬಂತು, ಬಾರದ ಅಕ್ಷರವೂ ಬಂತು. ಅಕ್ಕಂದಿರೇ, ನಿಮ್ಮ ಮಗಳು "ಯವ್ವಾ, ನಾನೂ ಆಡ್ತೀನಿ" ಅಂದರೆ ಏನು ಹೇಳುತ್ತೀರಿ? ಬೇಡ ಅನ್ನಬೇಡಿರಿ. ಅವಳೂ ಮೈದಾನಕ್ಕೆ ಹೋಗಲಿ.

ಹೊಸ ಪದಗಳು
ತಂಡ – ಗುಂಪು
ಸತತ – ಬಿಡದೆ, ಒಂದರ ಹಿಂದೆ ಒಂದು
ಮೈದಾನ – ಆಟದ ಬಯಲು

ಉತ್ತರ ಬರೆಯಿರಿ
1. ರಹೀಮ್ ಮಾಸ್ತರರು ಯಾವ ಊರಿನವರು?
2. ಯಾವ ಕಾಲಿನಿಂದ ಆಡಲು ಅವರು ಕಲಿಸಿದರು? ಏಕೆ?
3. ಮೊದಲು ಬಾರದೆ, ಆಮೇಲೆ ನೀವು ಕಲಿತ ಒಂದು ಕೆಲಸ ಯಾವುದು?