ಬ್ಯಾಗು ಬೇಕಾಗುವುದು ಬರುವ ದಾರಿಗೆ

ತಮ್ಮಾ, ಕೊಲೊರಾಡೊದ ಎಲ್ಕ್ ಶಿಕಾರಿಗೆ ಈ ಸಲ ಲೈಸೆನ್ಸ್ ಸಿಕ್ಕಿತು, ಹಂಟರ್ ಎಜುಕೇಶನ್ ಕೋರ್ಸೂ ಮುಗಿಯಿತು, ಬೂಟು ಬಂದೂಕು ಎಲ್ಲ ಹೊಂದಿತು, ಬ್ಯಾಗೊಂದೇ ಬಾಕಿ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ಇದೇ ಪ್ರಶ್ನೆಯನ್ನು ನಮ್ಮ ಮಲೆನಾಡಿನಲ್ಲಿ ಕೇಳಿದ್ದರೆ ಬೈದು ಮನೆಗೆ ಕಳಿಸುತ್ತಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಎಂದರೆ ಜೈಲಿನ ದಾರಿ, ಹಾಗಿರುವುದೇ ಸರಿ. ರಾಕಿ ಪರ್ವತದ ಕಡೆ ಲೆಕ್ಕ ಬೇರೆ. ಕೊಲೊರಾಡೊ ಒಂದರಲ್ಲೇ ಎರಡೂವರೆ ಲಕ್ಷಕ್ಕೂ ಮಿಕ್ಕಿ ಎಲ್ಕ್‌ಗಳಿವೆ. ಅಲ್ಲಿನ ವನ್ಯಜೀವಿ ಇಲಾಖೆ ಸಂಖ್ಯೆ ನೋಡಿಕೊಂಡು ಲೈಸೆನ್ಸ್ ಕೊಡುತ್ತದೆ, ಆ ದುಡ್ಡನ್ನು ಆ ಪ್ರಾಣಿಗಳ ಮೇಲೇ ಖರ್ಚು ಮಾಡುತ್ತದೆ. ಹಾಗಾಗಿ ಧಾರಾಳವಾಗಿ ಹೋಗಿ ಬಾ.

ಬ್ಯಾಗಿನ ವಿಷಯಕ್ಕೆ ಬಂದರೆ ನನ್ನದು ಒಂದೇ ಮಾತು. ಹೋಗುವಾಗ ಏನೇನು ತುಂಬುತ್ತದೆ ಎಂದು ನೋಡಿ ಬ್ಯಾಗು ಕೊಳ್ಳಬೇಡ, ಬರುವಾಗ ಏನು ಹೊರಬೇಕಾಗುತ್ತದೆ ಎಂದು ನೋಡಿ ಕೊಳ್ಳು. ಹೋಗುವಾಗ ಇರುವುದು ಟೆಂಟು, ಮಲಗುವ ಚೀಲ, ಒಂದು ಪುಟ್ಟ ಸ್ಟವ್, ನಾಲ್ಕು ದಿನದ ಊಟ, ನೀರು. ಎಲ್ಲ ಸೇರಿ ಇಪ್ಪತ್ತು ಕಿಲೋ ಆಸುಪಾಸು. ಅಷ್ಟನ್ನು ಕುದುರೆಮುಖ ಹತ್ತುವ ಹುಡುಗರ ಬ್ಯಾಗೂ ಹೊರುತ್ತದೆ. ಆದರೆ ಬೆಳೆದ ಗಂಡು ಎಲ್ಕ್ ಒಂದು 300 ಕಿಲೋ ಮೇಲೆಯೇ ತೂಗುತ್ತದೆ. ಚರ್ಮ, ಕರುಳು, ಮೂಳೆ ಎಲ್ಲ ಬಿಟ್ಟರೂ ಬರೀ ಮಾಂಸ 80ರಿಂದ 100 ಕಿಲೋ ಉಳಿಯುತ್ತದೆ. ಮೂಳೆ ಸಮೇತ ಒಂದು ಹಿಂದೊಡೆ ಎತ್ತಿದರೆ ಸಾಕು, ಅದೇ 30 ಕಿಲೋ ಹತ್ತಿರ. ತಿನ್ನಬಹುದಾದ ಮಾಂಸವನ್ನು ಕಾಡಲ್ಲೇ ಬಿಟ್ಟು ಬರುವುದು ಅಲ್ಲಿ ಕಾನೂನಿನ ಪ್ರಕಾರ ತಪ್ಪು. ಅಂದರೆ ಗುಂಡು ತಗುಲಿದ ಕ್ಷಣದಿಂದ ನೀನು ಬೇಟೆಗಾರ ಅಲ್ಲ, ಹಮಾಲಿ. ಬ್ಯಾಗು ಕಿತ್ತುಹೋಗುವುದೂ ಆಮೇಲೆಯೇ.

ಅದಕ್ಕೇ ಮೊದಲು ಬಟ್ಟೆ ನೋಡಬೇಡ, ಫ್ರೇಮು ನೋಡು. ಅಂಗಡಿಯವರು ಬಟ್ಟೆ ಎಳೆದು ತೋರಿಸುತ್ತಾರೆ, ಜೇಬುಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತಾರೆ. ಭಾರ ಹೊರುವುದು ಅವೆರಡೂ ಅಲ್ಲ. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವುದು ಫ್ರೇಮು ಮತ್ತು ಸೊಂಟಪಟ್ಟಿ. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯುಮಿನಿಯಂ ಕೊಳವೆ ಬಗ್ಗಿಸಿ, ಚೀಲದ ಹೊರಗೆ ಫ್ರೇಮು ಕೂರಿಸಿ ಮಾರತೊಡಗಿದ. 1967ರಲ್ಲಿ ಗ್ರೆಗ್ ಲೋವ್ ಅದೇ ಆಧಾರವನ್ನು ಚೀಲದ ಒಳಗೆ ಸೇರಿಸಿದ. ಹೊರಗಿನ ಫ್ರೇಮಿಗೆ ಏನು ಬೇಕಾದರೂ ಕಟ್ಟಬಹುದಿತ್ತು, ಆದರೆ ಇಳಿಜಾರಿನಲ್ಲಿ ಓಲಾಡುತ್ತಿತ್ತು. ಒಳಗಿನದು ಬೆನ್ನಿಗೆ ಅಂಟಿಕೊಳ್ಳುತ್ತಿತ್ತು, ಆದರೆ ಚೀಲದ ಹೊರಗೆ ಭಾರ ಕಟ್ಟಲು ಜಾಗವಿರಲಿಲ್ಲ. ಈಗಿನ ಶಿಕಾರಿ ಬ್ಯಾಗುಗಳು ಎರಡರ ಗುಣವನ್ನೂ ಸೇರಿಸಿಕೊಂಡಿವೆ. ಬೆನ್ನಿಗೆ ಕಾರ್ಬನ್ ಫೈಬರ್ ಅಥವಾ ಅಲ್ಯುಮಿನಿಯಂ ಫ್ರೇಮು, ಅದರ ಮೇಲೆ ಚೀಲ, ಚೀಲವನ್ನು ಹಿಂದಕ್ಕೆ ಸರಿಸಿದರೆ ಎರಡರ ನಡುವೆ ಒಂದು ಖಾಲಿ ಜಾಗ. ಇದಕ್ಕೆ ಲೋಡ್ ಶೆಲ್ಫ್ ಅನ್ನುತ್ತಾರೆ. ಮಾಂಸ ಕೂರುವುದು ಅಲ್ಲಿ, ಚೀಲದ ಒಳಗಲ್ಲ.

ಈ ಶೆಲ್ಫ್ ಇಲ್ಲದ ಬ್ಯಾಗನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡ. ತೂಕದ ವಸ್ತು ಬೆನ್ನಿಗೆ ಹತ್ತಿರ ಇದ್ದಷ್ಟೂ ಹಿಂದಕ್ಕೆ ಜಗ್ಗುವುದು ಕಡಿಮೆ. ಶೆಲ್ಫ್‌ನಲ್ಲಿಟ್ಟ ಮಾಂಸ ನಿನ್ನ ಬೆನ್ನಿಗೆ ಒತ್ತಿಕೊಂಡಿರುತ್ತದೆ, ಹಗುರವಾದ ಟೆಂಟು ಬಟ್ಟೆಗಳು ಅದರ ಆಚೆಗೆ ಹೋಗುತ್ತವೆ, ಮಲಗುವ ಚೀಲಕ್ಕೆ ರಕ್ತ ತಾಗುವುದಿಲ್ಲ. ಇನ್ನೊಂದು ನೋಡಬೇಕು. ಮೂಳೆ ಬಿಡಿಸಿದ ಮಾಂಸಕ್ಕೆ ಬಿಗಿ ಇರುವುದಿಲ್ಲ. ಸರಿಯಾಗಿ ಕಟ್ಟದಿದ್ದರೆ ಅರ್ಧ ತುಂಬಿದ ಅಕ್ಕಿ ಮೂಟೆಯ ಹಾಗೆ ಜಾರಿ ಜಾರಿ ತಳಕ್ಕೆ ಬಂದು ಕೂರುತ್ತದೆ, ಸೊಂಟ ಮುರಿಯುತ್ತದೆ. ಅದಕ್ಕೆ ಶೆಲ್ಫ್‌ನ ತಳದಲ್ಲಿ ಗಟ್ಟಿ ಬಟ್ಟೆಯ ತೊಟ್ಟಿಲು ಇರಬೇಕು, ಎರಡೂ ಪಕ್ಕದಲ್ಲಿ ಅಡ್ಡಕ್ಕೆ ಎಳೆದು ಬಿಗಿಯುವ ಪಟ್ಟಿಗಳು ಕಡಿಮೆ ಎಂದರೂ ಎರಡೆರಡು ಇರಬೇಕು. ಭಾರ ಎರಡು ಭುಜದೆಲುಬಿನ ನಡುವೆ ನಿಲ್ಲುವ ಹಾಗೆ ಕಟ್ಟು.

ಎರಡನೆಯದು ಅಳತೆ. ನಿನ್ನ ಎತ್ತರಕ್ಕೂ ಬೆನ್ನಿನ ಉದ್ದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಆರಡಿ ಆಳಿಗೆ ಗಿಡ್ಡ ಬೆನ್ನಿರಬಹುದು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದಲ್ಲ, ಅಲ್ಲಿಂದ ಶುರುಮಾಡು. ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಹೆಬ್ಬೆರಳು ಬೆನ್ನಿನ ಹಿಂದೆ ಮುಟ್ಟುವ ಮಟ್ಟದವರೆಗೆ ಟೇಪು ಹಿಡಿ. ಮನೆಯವರನ್ನು ಕರೆದು ಹಿಡಿಸಿಕೋ, ಒಬ್ಬನೇ ಹಿಡಿದರೆ ಅಳತೆ ತಪ್ಪುತ್ತದೆ. ಬ್ಯಾಗಿನ ಅಳತೆ ನೋಡುವುದು ಆ ಲೆಕ್ಕದಲ್ಲಿ. ಸೊಂಟಪಟ್ಟಿ ಹೊಟ್ಟೆಯ ಮೇಲೆ ಕೂರಬಾರದು, ಸೊಂಟದ ಮೂಳೆಯ ಮೇಲಂಚನ್ನು ಅಪ್ಪಿಕೊಂಡಿರಬೇಕು. ಭುಜದ ಪಟ್ಟಿಯ ತುದಿಯಿಂದ ಫ್ರೇಮಿನ ನೆತ್ತಿಗೆ ಹೋಗುವ ಸಣ್ಣ ಪಟ್ಟಿ ಇದೆಯಲ್ಲ, ಲೋಡ್ ಲಿಫ್ಟರ್, ಅದು ಸುಮಾರು 45 ಡಿಗ್ರಿ ಓರೆಯಾಗಿ ಮೇಲಕ್ಕೆ ಹೋಗಬೇಕು. ಚಪ್ಪಟೆಯಾಗಿ ಮಲಗಿದ್ದರೆ ಫ್ರೇಮು ನಿನಗೆ ಗಿಡ್ಡ ಎಂದು ಅರ್ಥ. ಅಂಥ ಬ್ಯಾಗು ಖಾಲಿ ಇದ್ದಾಗ ಆರಾಮ ಅನಿಸುತ್ತದೆ, 30 ಕಿಲೋ ಬಿದ್ದ ಮೇಲೆ ಭಾರವೆಲ್ಲ ಹೆಗಲಿಗೆ ಬರುತ್ತದೆ.

ಈಗ ಬಟ್ಟೆ. ಚೀಟಿಯ ಮೇಲೆ 500 ಡಿ, 1000 ಡಿ ಎಂದು ಬರೆದಿರುತ್ತಾರೆ. ಅದು ಡೆನಿಯರ್, ಅಂದರೆ 9000 ಮೀಟರ್ ದಾರದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ದಾರ ದಪ್ಪವಾದಷ್ಟೂ ಸವೆತ ತಡೆಯುತ್ತದೆ, ಹಾಗೆಯೇ ತೂಕವೂ ಏರುತ್ತದೆ. 1000 ಡೆನಿಯರ್ ಕಾರ್ಡುರಾ ನೈಲಾನು ತಳಕ್ಕೆ ಒಳ್ಳೆಯದು, ಮೈಗೆಲ್ಲ 500 ಸಾಕು. ಹೊಳೆಯುವ ಪದರದ ಹಗುರ ಬಟ್ಟೆಗಳೂ ಬಂದಿವೆ, ನೀರನ್ನು ಚೆನ್ನಾಗಿ ತಡೆಯುತ್ತವೆ. ಅದನ್ನು ಕೊಳ್ಳುವ ಮುಂಚೆ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡು. ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಕೆರೆ. ಚರಚರ ಅಂದರೆ ಆ್ಯಸ್ಪೆನ್ ಪೊದೆಯ ನಡುವೆ ನುಗ್ಗುವಾಗಲೂ ಅದೇ ಸದ್ದು. ಎಲ್ಕ್‌ಗೆ ಕಿವಿ ಚುರುಕು. ಇನ್ನು ವಾಟರ್‌ಪ್ರೂಫ್ ಎಂಬ ಮಾತನ್ನು ಪೂರ್ತಿ ನಂಬಬೇಡ. ಬಟ್ಟೆ ನೀರು ಬಿಡದಿದ್ದರೂ ಸೂಜಿ ಚುಚ್ಚಿದ ತೂತು ಬಿಡುತ್ತದೆ. ಮಲಗುವ ಚೀಲ, ಒಣ ಬಟ್ಟೆ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿರಲಿ. ಮಾಂಸವನ್ನು ಮಾತ್ರ ಪ್ಲಾಸ್ಟಿಕ್ಕಿಗೆ ತುಂಬಬೇಡ, ಬಿಸಿ ಒಳಗೇ ನಿಂತು ಕೆಡುತ್ತದೆ. ಅದಕ್ಕೆ ಗಾಳಿಯಾಡುವ ಬಟ್ಟೆಯ ಚೀಲಗಳೇ ಸಿಗುತ್ತವೆ.

ಬ್ಯಾಗು ಬಟ್ಟೆಯ ನಡುವೆ ಹರಿಯುವುದು ಅಪರೂಪ. ಹರಿಯುವುದು ಕೂಡುವ ಜಾಗದಲ್ಲಿ. ಅದಕ್ಕೆ ಅಂಗಡಿಯಲ್ಲೇ ಒಳಗು ಹೊರಗು ಮಾಡಿ ನೋಡು, ಯಾರು ಏನಂದುಕೊಂಡರೂ ಪರವಾಗಿಲ್ಲ. ಭುಜದ ಪಟ್ಟಿ ಬೆನ್ನಿಗೆ ಸೇರುವ ಕಡೆ, ಸೊಂಟಪಟ್ಟಿ ಫ್ರೇಮಿಗೆ ಸೇರುವ ಕಡೆ, ಎತ್ತಿ ಹಿಡಿಯುವ ಕೊಂಡಿಯ ಬುಡ, ಈ ಮೂರೂ ಕಡೆ ದಾರ ಹಿಂದೆ ಮುಂದೆ ಒತ್ತೊತ್ತಾಗಿ ಓಡಿ ಗಟ್ಟಿ ಕಡ್ಡಿಯಂತಾಗಿರಬೇಕು. ಶರ್ಟಿನ ಜೇಬಿನ ಮೂಲೆಯಲ್ಲೂ ಇಂಥ ಹೊಲಿಗೆ ಇರುತ್ತದೆ, ಬಾರ್ ಟ್ಯಾಕ್ ಎನ್ನುತ್ತಾರೆ. ಒಂದೇ ಸಾಲು ಹೊಲಿಗೆ ಕಂಡರೆ ಕೆಳಗಿಟ್ಟುಬಿಡು. ಹೊಲಿಗೆಯಿಂದ ಬಟ್ಟೆಯ ಅಂಚಿಗೆ ಬೆರಳಿನ ಅರ್ಧ ಅಗಲವಾದರೂ ಇರಬೇಕು, ಆ ಅಂಚಿನ ಮೇಲೆ ಪಟ್ಟಿ ಸುತ್ತಿ ಹೊಲಿದಿರಬೇಕು. ಅಂಚು ಬಿಟ್ಟುಕೊಂಡು ಎಳೆ ಎದ್ದಿದ್ದರೆ ಎರಡು ಸೀಸನ್ನಿನಲ್ಲಿ ಹೊಲಿಗೆಯೇ ಜಾರುತ್ತದೆ.

ಜಿಪ್ಪಿನ ಹಿಂಬದಿಯಲ್ಲಿ ಅಂಕಿ ಇರುತ್ತದೆ: 5, 8, 10. ದೊಡ್ಡ ಅಂಕಿ ದೊಡ್ಡ ಜಿಪ್ಪು. ಮುಖ್ಯ ಬಾಯಿಗೆ 10 ಇದ್ದರೆ ಒಳ್ಳೆಯದು, 8ಕ್ಕಿಂತ ಕಡಿಮೆ ಬೇಡ. ಬಿಡಿ ಹಲ್ಲಿನ ಜಿಪ್ಪಿಗಿಂತ ಸುರುಳಿಯ ಜಿಪ್ಪು ಕಾಡಿಗೆ ಹೊಂದುತ್ತದೆ. ನಡುವೆ ಬಾಯಿಬಿಟ್ಟರೂ ಹಿಂದಕ್ಕೆಳೆದು ಮತ್ತೆ ಹಾಕಿದರೆ ಕೂಡಿಕೊಳ್ಳುತ್ತದೆ. ಹಲ್ಲು ಮುರಿದ ಜಿಪ್ಪಿಗೆ ಕಾಡಿನಲ್ಲಿ ಮದ್ದಿಲ್ಲ. ಜಿಪ್ಪು ಪೂರ್ತಿ ಕೈಕೊಟ್ಟರೂ ಹೊರಗಿನ ಪಟ್ಟಿಗಳೇ ಬ್ಯಾಗನ್ನು ಮುಚ್ಚಿ ಹಿಡಿಯುವಂತಿದ್ದರೆ ಇನ್ನೂ ವಾಸಿ. ಬಕಲ್ಲುಗಳು ಒಂದೇ ಅಗಲದವಾಗಿರಲಿ, ಒಂದು ಮುರಿದರೆ ಇನ್ನೊಂದನ್ನು ಕಿತ್ತು ಹಾಕಬಹುದು. ಹೊಲಿಗೆ ಬಿಚ್ಚದೆ ಹಾಕಬಹುದಾದ ಸೀಳುಬಕಲ್ಲು ಬರುತ್ತದೆ, ಎರಡು ತಂದು ಜೇಬಿನಲ್ಲಿಟ್ಟುಕೋ. ಜೊತೆಗೆ ದಪ್ಪ ಸೂಜಿ, ನೈಲಾನ್ ದಾರ. ಬಾಳಿಕೆ ಎಂದರೆ ಕೆಡದೇ ಇರುವುದಲ್ಲ, ಕೆಟ್ಟಲ್ಲೇ ಕೂತು ಸರಿಮಾಡಿಕೊಳ್ಳಲು ಬರುವುದು.

ಗಾತ್ರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಅಮೆರಿಕದವರು ಕ್ಯೂಬಿಕ್ ಇಂಚಿನಲ್ಲಿ ಹೇಳುತ್ತಾರೆ, 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. ನಾಲ್ಕು ದಿನಕ್ಕೆ 4000ದಿಂದ 5000, ಅಂದರೆ 65ರಿಂದ 80 ಲೀಟರ್ ಸಾಕು. ಖಾಲಿ ಬ್ಯಾಗು ಎರಡೂವರೆ ಮೂರು ಕಿಲೋ ತೂಗಿದರೆ ಗಾಬರಿ ಬೇಡ, ಆ ತೂಕ ಫ್ರೇಮಿನದ್ದು.

ಬಣ್ಣದ ವಿಷಯ ಮರೆಯಬೇಡ. ಕೊಲೊರಾಡೊದಲ್ಲಿ ರೈಫಲ್ ಹಿಡಿದವರು ಸೊಂಟದ ಮೇಲೆ, ಎಲ್ಲ ಕಡೆಯಿಂದ ಕಾಣುವ ಹಾಗೆ, 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಲೇಬೇಕು, ತಲೆಗೂ ಅದೇ ಬಣ್ಣದ ಟೋಪಿ. ಬೆನ್ನ ಮೇಲೆ ದೊಡ್ಡ ಬ್ಯಾಗು ಬಿದ್ದ ಮೇಲೆ ಹಿಂದಿನಿಂದ ನಿನ್ನ ಅಂಗಿ ಯಾರಿಗೂ ಕಾಣುವುದಿಲ್ಲ. ಮೇಲೆ ಕೊಂಬು ಬೇರೆ ಕಟ್ಟಿಕೊಂಡು ಮರಗಳ ನಡುವೆ ಬರುತ್ತಿದ್ದರೆ ದೂರದವನಿಗೆ ಏನು ಕಾಣುತ್ತದೆ, ನೀನೇ ಯೋಚಿಸು. ಬ್ಯಾಗಿಗೂ ಕೊಂಬಿಗೂ ಕಿತ್ತಳೆ ಬಟ್ಟೆ ಸುತ್ತು. ಬಂದೂಕನ್ನು ಖಾಲಿ ಮಾಡಿ ಬ್ಯಾಗಿನ ಪಕ್ಕಕ್ಕೆ ಬಿಗಿ, ಕೈಯೆರಡೂ ಊರುಗೋಲಿಗಿರಲಿ. ಮುಂದೆ ಎಂದಾದರೂ ಮೊಂಟಾನಾ, ವಯೋಮಿಂಗ್ ಕಡೆ ಹೋದರೆ ಅಲ್ಲಿ ಗ್ರಿಜ್ಲಿ ಕರಡಿ ಇದೆ. ಕರಡಿ ಸ್ಪ್ರೇ ಎದೆಪಟ್ಟಿಗೋ ಸೊಂಟಪಟ್ಟಿಗೋ ಸಿಕ್ಕಿಸಿರಬೇಕು, ಬ್ಯಾಗಿನೊಳಗಿದ್ದರೆ ಇದ್ದೂ ಇಲ್ಲದ ಹಾಗೆ.

ದುಡ್ಡು? ಫ್ರೇಮು, ಚೀಲ ಸೇರಿ ಒಳ್ಳೆಯದಕ್ಕೆ 500 ಡಾಲರ್ ದಾಟುತ್ತದೆ. ಮೊಂಟಾನಾದ ಬೋಜ್‌ಮನ್, ಐಡಾಹೊದ ಬಾಯ್ಸಿ ಊರುಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಯಾವ ಕಂಪನಿ ಎಂದು ನಾನು ಹೇಳುವುದಿಲ್ಲ, ಬೆನ್ನು ನಿನ್ನದು. ಅಷ್ಟು ಕೊಡಲಾಗದಿದ್ದರೆ ಕಡಿಮೆ ದರ್ಜೆಯ ಹೊಸದಕ್ಕಿಂತ ಒಳ್ಳೆಯದರ ಹಳೆಯದು ಮೇಲು. ಹಳೆಯದು ಕೊಳ್ಳುವಾಗ ಒಳಗಿನ ಲೇಪಕ್ಕೆ ಕೈಯಾಡಿಸು. ಅಂಟಂಟಾಗಿದ್ದರೆ, ಹುಳಿ ವಾಸನೆ ಬಂದರೆ, ಸಿಪ್ಪೆ ಉದುರಿದರೆ ಒದ್ದೆಯಾಗಿಯೇ ಇಟ್ಟಿದ್ದರು ಎಂದು ತಿಳಿ. ನೀನೂ ಹಾಗೆ ಇಡಬೇಡ. ರಕ್ತದ ಕಲೆಯನ್ನು ಅದೇ ದಿನ ತಣ್ಣೀರಿನಲ್ಲಿ ತೊಳೆ, ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ವಾಷಿಂಗ್ ಮಷೀನಿಗೆ ಹಾಕಬೇಡ. ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ ಒಣಗಿಸು, ಬಿಸಿಲು ನೈಲಾನನ್ನು ತಿನ್ನುತ್ತದೆ.

ಬ್ಯಾಗು ಮನೆಗೆ ಬಂದ ದಿನವೇ ಬೆಲೆಚೀಟಿ ಕೀಳಬೇಡ. ಇಂಡಿಯನ್ ಸ್ಟೋರಿನ 20 ಪೌಂಡಿನ ಸೋನಾ ಮಸೂರಿ ಚೀಲ ಮೂರು ತಂದು ಶೆಲ್ಫ್‌ನಲ್ಲಿ ಬಿಗಿದು ಕಟ್ಟು, 27 ಕಿಲೋ ಆಯಿತು. ನೆಲದಿಂದ ಎಳೆದೆತ್ತಬೇಡ. ಎತ್ತರದ ಕಟ್ಟೆಯ ಮೇಲಿಟ್ಟು, ಕೂತು ಪಟ್ಟಿ ಹಾಕಿಕೊಂಡು ಏಳು, ಕಾಡಿನಲ್ಲೂ ಬಂಡೆಯೋ ಬಿದ್ದ ಮರವೋ ಹುಡುಕಿ ಹಾಗೆಯೇ ಮಾಡು. ಮನೆಯ ಮೆಟ್ಟಿಲನ್ನು ಅರ್ಧ ಗಂಟೆ ಹತ್ತಿ ಇಳಿ. ಸೊಂಟದಲ್ಲಿ ಉರಿ ಬಂತೇ, ಕೈ ಜೋಮು ಹಿಡಿಯಿತೇ, ಫ್ರೇಮು ಕಿರ್ ಎಂದಿತೇ ನೋಡು. ಸರಿಹೋಗದಿದ್ದರೆ ವಾಪಸ್ ಮಾಡು. ಸರಿಹೋದರೆ ಬೇಸಿಗೆಯಿಡೀ ವಾರಕ್ಕೊಮ್ಮೆ ಅದೇ ಅಕ್ಕಿ ಹೊತ್ತು ಹತ್ತಿರದ ಗುಡ್ಡ ಹತ್ತು.

ಹಾಗೆ ಹತ್ತುವಾಗ ನಿನ್ನ ಮಿತಿ ನಿನಗೇ ತಿಳಿಯುತ್ತದೆ. ಅದನ್ನಿಟ್ಟುಕೊಂಡು ಒಂದು ಲೆಕ್ಕ ಹಾಕು. ರಸ್ತೆಯಿಂದ ಮೂರು ಮೈಲಿ ಒಳಗೆ ಎಲ್ಕ್ ಬಿತ್ತು ಅಂತಿಟ್ಟುಕೋ. ನಾಲ್ಕು ಹೊರೆ ಹೊರಬೇಕು. ಹೊತ್ತು ಬರುವುದು ನಾಲ್ಕು ಸಲ, ಖಾಲಿ ಹೋಗುವುದು ಮೂರು ಸಲ, ಒಟ್ಟು 21 ಮೈಲಿ, ಅದೂ ಉಸಿರು ಸಿಗದ ಎತ್ತರದಲ್ಲಿ. ಸೆಪ್ಟೆಂಬರಿನ ಮಧ್ಯಾಹ್ನದ ಬಿಸಿಲಾದರೆ ಮಾಂಸ ನಿನಗೋಸ್ಕರ ಕಾಯುವುದಿಲ್ಲ. ಇಬ್ಬರಿದ್ದರೆ ದೂರ ಸ್ವಲ್ಪ ಹೆಚ್ಚಬಹುದು, ಒಬ್ಬನೇ ಇದ್ದರೆ ಮೂರು ಮೈಲಿಯೂ ಹೆಚ್ಚೇ. ಎಷ್ಟು ದುಬಾರಿ ಬ್ಯಾಗು ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಹೊರಡುವ ಮುಂಚೆ ಮ್ಯಾಪು ಬಿಡಿಸಿ, ನಿನ್ನ ಬೆನ್ನು ಒಪ್ಪುವಷ್ಟು ದೂರಕ್ಕೆ ಒಂದು ಗೆರೆ ಎಳೆದುಕೋ. ಆ ಗೆರೆಯಾಚೆ ಎಂಥ ಕೊಂಬಿನ ಎಲ್ಕ್ ಎದುರಿಗೆ ನಿಂತಿದ್ದರೂ ಟ್ರಿಗರ್ ಮುಟ್ಟಬೇಡ.