ಹೇಳುವುದೂ ಬಿಡುವುದೂ ನಿಮ್ಮ ಹಕ್ಕು

ಎಚ್‌ಐವಿ ಸೋಂಕಿದೆ ಎಂದು ಕೆಲಸದ ಜಾಗದಲ್ಲಿ ಹೇಳಲೇಬೇಕೆ? ಬೇಕಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ, ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ನ್ಯಾಯಾಲಯದ ಆದೇಶವಿಲ್ಲದೆ ಸೋಂಕಿನ ವಿಷಯ ಹೇಳುವಂತೆ ಒತ್ತಾಯಿಸುವಂತಿಲ್ಲ. ‘ಜೊತೆಗೆ ದುಡಿಯುವವರಿಗೆ ತಿಳಿಯಬೇಡವೇ?’ ಎಂದು ಕೆಲವರು ಕೇಳುತ್ತಾರೆ. ಕೈಕುಲುಕಿದರೆ, ಒಟ್ಟಿಗೆ ಉಂಡರೆ, ಒಂದೇ ಶೌಚಾಲಯ ಬಳಸಿದರೆ ಈ ವೈರಸ್ ಹರಡುವುದಿಲ್ಲ. ಹರಡುವ ಭಯವೇ ಇಲ್ಲದ ಕಡೆ ಗುಟ್ಟು ರಟ್ಟಾದರೆ ಯಾರಿಗೂ ಲಾಭವಿಲ್ಲ, ಸೋಂಕಿತರಿಗಷ್ಟೇ ನೋವು.

ಹಾಗೆಂದು ಮುಚ್ಚಿಡಲೇಬೇಕೆಂದೂ ಅಲ್ಲ. ಚಿಕಿತ್ಸೆಗಾಗಿ ರಜೆಯೋ ಪಾಳಿ ಬದಲಾವಣೆಯೋ ಬೇಕಿದ್ದರೆ, ನಂಬಿಕಸ್ಥ ಮೇಲಧಿಕಾರಿಗೆ ಅಗತ್ಯವಿದ್ದಷ್ಟೇ ತಿಳಿಸಿ. ಗೋಪ್ಯವಾಗಿಡಲು ಬರಹದಲ್ಲಿ ಕೋರಿ. ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪಿಸಬೇಡಿ. ಅದನ್ನು ಸರಿಯಾಗಿ ತೆಗೆದುಕೊಳ್ಳುವವರು ಎಲ್ಲರಂತೆ ದುಡಿಯಬಲ್ಲರು. ಸೋಂಕಿನ ನೆಪದಲ್ಲಿ ಕೆಲಸದಿಂದ ತೆಗೆದರೆ ಸುಮ್ಮನಿರಬೇಡಿ: ಕಾಯ್ದೆಯಡಿ ಇಂಥ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಸಲಹೆಗೆ 1097 ಉಚಿತ ಸಹಾಯವಾಣಿಯಿದೆ.