ಊಟ ಬಿಡುವ ಮಗು: ಹಠವೋ, ತೊಂದರೆಯೋ?

ಬಿಸಿಯೂಟದಲ್ಲಿ ಸಾಂಬಾರು ತಾಗದ ಬಿಳಿ ಅನ್ನವನ್ನಷ್ಟೇ ತಿನ್ನುವ ಮಗುವನ್ನು ಹಠಮಾರಿ ಎನ್ನುವ ಮುನ್ನ ಪ್ರಶಿಕ್ಷಣಾರ್ಥಿಗಳು ಈ ಅಂಶಗಳನ್ನು ಗಮನಿಸಬೇಕು.

ವ್ಯತ್ಯಾಸ: ಕೆಲವು ಪದಾರ್ಥ ಬೇಡವೆನ್ನುವುದು ಚಿಕ್ಕ ಮಕ್ಕಳಲ್ಲಿ ಸಹಜ. ಆದರೆ ಮಗುವಿನ ತೂಕ ಇಳಿದರೆ, ಪೋಷಕಾಂಶಗಳ ಕೊರತೆ ಕಂಡರೆ ಅಥವಾ ಎಲ್ಲರೊಡನೆ ಕುಳಿತು ಉಣ್ಣಲಾಗದಿದ್ದರೆ ಅದು ‘ಅರ್ಫಿಡ್’ ಎಂಬ ಆಹಾರ ಸೇವನೆಯ ತೊಂದರೆ ಇರಬಹುದು. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯಲ್ಲಿ ಇದು ಈ ಹೆಸರಿನಿಂದ ಸೇರಿತು. ತೆಳ್ಳಗಾಗುವ ಆಸೆ ಇದಕ್ಕೆ ಕಾರಣವಲ್ಲ.

ಕಾರಣಗಳು: ವಾಸನೆ, ರುಚಿ, ಲೋಳೆತನ ಸಹಿಸಲಾಗದಿರುವುದು, ಗಂಟಲಿಗೆ ಸಿಕ್ಕೀತು, ವಾಂತಿಯಾದೀತು ಎಂಬ ಭಯ, ಹಸಿವಿನ ಅರಿವೇ ಕಡಿಮೆ ಇರುವುದು. ಆದ್ದರಿಂದ ‘ಹಸಿದರೆ ತಾನೇ ತಿನ್ನುತ್ತದೆ’ ಎಂಬ ಮಾತು ಇಲ್ಲಿ ಸಲ್ಲದು. ಈ ಮಗು ಹಸಿದೇ ಉಳಿದೀತು.

ಅನುಸರಿಸಬೇಕಾದ ಕ್ರಮ:
1. ಒತ್ತಾಯ, ಗದರಿಕೆ, ಇತರ ಮಕ್ಕಳೊಡನೆ ಹೋಲಿಕೆ ಬೇಡ.
2. ಮಗು ಒಪ್ಪಿದ ಆಹಾರದಿಂದಲೇ ಆರಂಭಿಸಿ. ಬಿಳಿ ಅನ್ನ, ತುಪ್ಪ ಕಲಸಿದ ಅನ್ನ, ಬೇಳೆಕಟ್ಟಿನ ಅನ್ನ, ತೊವ್ವೆಯ ಅನ್ನ. ಒಮ್ಮೆಗೆ ಒಂದೇ ಬದಲಾವಣೆ. ಮನೆಯಲ್ಲಿಯೂ ಇದೇ ಕ್ರಮವಿರಲಿ.
3. ಹೊಸ ಪದಾರ್ಥವನ್ನು ತಟ್ಟೆಯ ಅಂಚಿನಲ್ಲಿ ಚೂರೇ ಇಡಿ. ನೋಡುವುದು, ಮೂಸುವುದು, ಮುಟ್ಟುವುದು ಸಹ ಪ್ರಗತಿಯೇ. ಹಲವು ಬಾರಿ ಕಂಡ ಮೇಲಷ್ಟೇ ಬಾಯಿಗೆ ಹೋಗಬಹುದು.

ಶಿಕ್ಷಕರ ಮಿತಿ: ರೋಗನಿರ್ಣಯ ನಮ್ಮ ಕೆಲಸವಲ್ಲ. ತೂಕ, ಎತ್ತರ ಮತ್ತು ತಿನ್ನುವ ಪದಾರ್ಥಗಳ ಪಟ್ಟಿಯನ್ನು ದಾಖಲಿಸಿ, ಪೋಷಕರೊಡನೆ ಮಾತನಾಡಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ತೋರಿಸಬೇಕು. ತೂಕ ಇಳಿಯುತ್ತಿದ್ದರೆ ಆ ಭೇಟಿಗಾಗಿ ಕಾಯದೆ ಕೂಡಲೇ ವೈದ್ಯರ ಬಳಿ ಕಳುಹಿಸಬೇಕು.

ಅಭ್ಯಾಸ: ನಿಮ್ಮ ಬೋಧನಾಭ್ಯಾಸದ ಶಾಲೆಯಲ್ಲಿ ಒಂದು ವಾರ ಊಟದ ಸಾಲನ್ನು ವೀಕ್ಷಿಸಿ, ಮಗುವಿನ ಹೆಸರು ಬರೆಯದೆ ಟಿಪ್ಪಣಿ ಸಿದ್ಧಪಡಿಸಿ.